ಕೊಡಗಿನ ಐನ್‌ಮನೆ

ಪೀಠಿಕೆ

ನಮ್ಮ ದೇಶದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅರಮನೆ, ಕೋಟೆ, ದೇವಾಲಯಗಳ ಸುತ್ತಲೇ ತಮ್ಮ ಲೇಖನಿಯನ್ನು ನಡೆಯಿಸಿರುವರು. ಶಾಸನಗಳು ಅಲ್ಲಿಯೇ ದೊರೆಯುವುದರಿಂದಲೂ, ಅರಸರ ಹೆಸರುಗಳು ಅಲ್ಲಿಯೇ ನಿಂತಿರುವುದರಿಂದಲೂ ಇದು ಸಹಜವಾದುದೇ ಸರಿ. ಆದರೆ ಅರಮನೆಯ ಬೊಕ್ಕಸವು ತುಂಬಿದುದು ಯಾರ ಕಣಜದಿಂದ? ಕೋಟೆಯ ಬಾಗಿಲಲ್ಲಿ ಕಾವಲು ನಿಂತವನು ಯಾವ ಮನೆಯ ಮಗನು? ಈ ಎರಡು ಪ್ರಶ್ನೆಗಳಿಗೆ ಉತ್ತರವು ಊರಿನ ಬೇಸಾಯದ ಮನೆಯಲ್ಲಿಯೇ ಇರುವುದು. ಆದುದರಿಂದ ಒಕ್ಕಲುಮನೆಯ ವೃತ್ತಾಂತವನ್ನರಿಯದೆ ಅರಸುಮನೆಯ ವೃತ್ತಾಂತವು ಪೂರ್ಣವಾಗಲಾರದು.

ಕೊಡಗುದೇಶವು ಇದಕ್ಕೆ ಒಳ್ಳೆಯ ನಿದರ್ಶನವು. ಆ ನಾಡನ್ನು ಎರಡು ಶತಮಾನಗಳಿಗೂ ಮೇಲ್ಪಟ್ಟು, ೧೮೩೪ನೆಯ ಇಸವಿಯ ವರೆಗೆ, ಆಳಿದ ಹಾಲೇರಿಯ ಅರಸರು ಲಿಂಗವಂತರೆಂಬುದು ಸುವಿದಿತವು. ಅವರ ಮಡಿಕೇರಿಯ ಕೋಟೆಯನ್ನೂ, ಲಿಂಗರಾಜೇಂದ್ರನು ೧೮೨೦ರಲ್ಲಿ ಕಟ್ಟಿಸಿದ ಓಂಕಾರೇಶ್ವರನ ಗುಡಿಯನ್ನೂ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡವೀರರಾಜೇಂದ್ರನು ೧೭೯೨ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನೂ ಯಾತ್ರಿಕರು ನೋಡಿ ಬರುವರು. ಆದರೆ ಆ ಮಾರ್ಗದ ಎಡಬಲಗಳಲ್ಲಿ, ಗದ್ದೆಯ ಬಯಲಿಗೆ ಮೇಲಾಗಿ, ಮರಗಳ ಮರೆಯಲ್ಲಿ ಕುಳಿತಿರುವ ಹಳೆಯ ಮನೆಗಳನ್ನು ನೋಡುವವರು ವಿರಳರು. ಇವುಗಳಿಗೆ ಕೊಡವರು ಐನ್‌ಮನೆಯೆಂದು ಹೆಸರು ಹೇಳುವರು. ಒಂದು ಕುಲದ ಮೂಲದ ಮನೆಯೆಂದು ಇದರ ತಾತ್ಪರ್ಯವು. ಕೊಡವರಲ್ಲದೆ ಅರೆಭಾಷೆಯ ಗೌಡರು ಮುಂತಾಗಿ ಆ ನಾಡಿನ ಇತರ ಜನರಲ್ಲಿಯೂ ಇಂತಹ ಮನೆಗಳುಂಟು.

ಐನ್‌ಮನೆಯು ಬರಿಯ ಕಟ್ಟಡವಲ್ಲ. ನೆಲ, ಕುಲ, ಮನೆ ಈ ಮೂರೂ ಒಂದನ್ನೊಂದು ಹೊತ್ತು ನಿಂತಿರುವ ಏರ್ಪಾಡಿಗೆ ಆ ಹೆಸರು. ಈ ಮೂರರಲ್ಲಿ ಒಂದು ಸಡಿಲಿದರೆ ಉಳಿದೆರಡು ನಿಲ್ಲುವುದು ಕಷ್ಟವೆಂಬುದನ್ನು ಆ ಮನೆಗಳ ಚರಿತ್ರೆಯೇ ತೋರಿಸುವುದು. ಇದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶವು.

ಒಕ್ಕವೂ ಅದರ ಭೂಮಿಯೂ

ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದು ಬಂದ ಮನೆತನಕ್ಕೆ ಕೊಡಗಿನಲ್ಲಿ ಒಕ್ಕವೆಂದು ಹೆಸರು. ಪ್ರತಿಯೊಂದು ಒಕ್ಕಕ್ಕೂ ಒಂದು ಮನೆತನದ ಹೆಸರುಂಟು. ಆ ಹೆಸರು ವ್ಯಕ್ತಿಯ ಹೆಸರಿಗೆ ಮೊದಲು ಬರುವುದು. ಒಕ್ಕದ ಆಡಳಿತವನ್ನು ನೋಡತಕ್ಕ ಹಿರಿಯನಿಗೆ ಕೊರವುಕಾರನೆಂದು ಹೆಸರು. ಪೂರ್ವದಲ್ಲಿ ಅಣ್ಣತಮ್ಮಂದಿರೂ, ಅವರ ಮಕ್ಕಳು ಮೊಮ್ಮಕ್ಕಳೂ, ಸೊಸೆಯರೂ ಒಂದೇ ಮಾಡಿನ ಕೆಳಗೆ ವಾಸಿಸುತ್ತಿದ್ದರು. ಭೂಮಿಯು ಒಕ್ಕಕ್ಕೆ ಸೇರಿದುದಾಗಿತ್ತೇ ಹೊರತು ಒಬ್ಬೊಬ್ಬನ ಸ್ವತ್ತಾಗಿರಲಿಲ್ಲ. ಬೆಳೆದ ಬತ್ತವು ಒಂದೇ ಪತ್ತಾಯಕ್ಕೆ ಬೀಳುತ್ತಿತ್ತು. ಉಂಡವರೆಲ್ಲರೂ ಅದರಿಂದಲೇ ಉಣ್ಣುತ್ತಿದ್ದರು.

ಒಕ್ಕದ ಭೂಮಿಯಲ್ಲಿ ಎರಡು ಮುಖ್ಯ ಭಾಗಗಳು. ಕಣಿವೆಯ ತಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬತ್ತದ ಗದ್ದೆಯು ಒಂದು. ಅದಕ್ಕೆ ಮೇಲಾಗಿ ಬೆಟ್ಟದ ಮೈಯಲ್ಲಿರುವ ಬಾಣೆಯೆಂಬ ಕಾಡುನೆಲವು ಇನ್ನೊಂದು. ಬಾಣೆಯನ್ನು ಗದ್ದೆಗೆ ಅಂಗವಾಗಿ ಕಂದಾಯವಿಲ್ಲದೆ ಬಿಟ್ಟಿದ್ದರು. ದನಗಳಿಗೆ ಮೇವು, ಗೊಬ್ಬರಕ್ಕೆ ಸೊಪ್ಪು, ಒಲೆಗೆ ಸೌದೆ, ಮನೆಯ ಕೆಲಸಕ್ಕೆ ಮರ ಇವೆಲ್ಲವೂ ಬಾಣೆಯಿಂದ ಬರುತ್ತಿದ್ದವು. ಗದ್ದೆಗೂ ಬಾಣೆಗೂ ನಡುವೆ, ಇಳಿಜಾರಿನ ಮಧ್ಯದಲ್ಲಿ, ಮನೆಯನ್ನು ನಿಲ್ಲಿಸಿದ್ದರು.

ಈ ಸ್ಥಾನವನ್ನು ಆರಿಸಿದುದರಲ್ಲಿ ಪೂರ್ವಿಕರ ವಿವೇಕವು ಕಾಣುವುದು. ಮಳೆಯು ಅತಿಶಯವಾಗಿರುವ ಆ ನಾಡಿನಲ್ಲಿ ತಗ್ಗಿನ ನೆಲದಲ್ಲಿ ಮನೆಯನ್ನು ಕಟ್ಟಿದರೆ ನೀರು ನಿಲ್ಲುವುದು, ಗದ್ದೆಯ ನೆಲವೂ ಹಾಳಾಗುವುದು. ಬೆಟ್ಟದ ನೆತ್ತಿಯಲ್ಲಿ ಕಟ್ಟಿದರೆ ಗಾಳಿಯ ಹೊಡೆತವು ತಪ್ಪದು, ನೀರೂ ದೂರವಾಗುವುದು. ಮಧ್ಯದಲ್ಲಿ ಕಟ್ಟಿದರೆ ಮೇಲಿನ ಬಾಣೆಯ ಸೊಪ್ಪು ಕೊಟ್ಟಿಗೆಗೆ ಇಳಿಯುವುದು. ಕೊಟ್ಟಿಗೆಯಲ್ಲಿ ದನಗಳು ತುಳಿದು ಗೊಬ್ಬರವಾದುದು ಕೆಳಗಿನ ಗದ್ದೆಗೆ ಇಳಿಯುವುದು. ಗದ್ದೆಯಲ್ಲಿ ಬೆಳೆದ ಬತ್ತವು ಮನೆಗೆ ಏರುವುದು. ಅದರ ಹುಲ್ಲು ದನಗಳಿಗೆ ಮೇವಾಗುವುದು, ಮನೆಯ ಮಾಡಿಗೆ ಹೊದಿಕೆಯಾಗುವುದು. ಹೀಗೆ ಬಾಣೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗದ್ದೆಗೆ, ಗದ್ದೆಯಿಂದ ಮನೆಗೆ ವರ್ಷವರ್ಷವೂ ಒಂದು ಚಕ್ರವು ತಿರುಗುತ್ತಿತ್ತು. ಅದರ ನಾಭಿಯಾಗಿ ಮನೆಯು ನಿಂತಿತ್ತು. ತಾನು ಬೆಳೆದ ಗದ್ದೆಯ ಹುಲ್ಲನ್ನೇ ತಲೆಯ ಮೇಲೆ ಹೊದ್ದ ಮನೆಯೆಂದರೆ ಅತಿಶಯೋಕ್ತಿಯಾಗದು.

ಓಣಿ, ಅಂಗಳ, ಕಣ, ಕೈಮಡ

ಐನ್‌ಮನೆಗೆ ಹೋಗುವ ದಾರಿಗೆ ಓಣಿಯೆಂದು ಹೆಸರು. ಇದು ನೇರವಾದ ಬೀದಿಯಲ್ಲ. ಎರಡು ಕಡೆಗಳಲ್ಲಿಯೂ ಮಣ್ಣಿನ ಇಲ್ಲವೆ ಕಲ್ಲಿನ ಗೋಡೆಗಳಿಂದ ಕೂಡಿ, ಬಳಸಿ ಬಳಸಿ ಏರುವ ಇಕ್ಕಟ್ಟಾದ ಹಾದಿ. ಮಳೆಗಾಲದಲ್ಲಿ ದನಗಳು ತೋಟಕ್ಕೂ ಗದ್ದೆಗೂ ನುಗ್ಗದಂತೆ ಇದು ತಡೆಯುತ್ತಿತ್ತು. ಕಲಹಕಾಲದಲ್ಲಿ ಹಗೆಗಳು ಗುಂಪಾಗಿ ಬಾರದಂತೆಯೂ ತಡೆಯುತ್ತಿತ್ತು. ಕೊಡಗಿನ ಕಾಡುಗಳಲ್ಲಿ ಈಗಲೂ ಕಾಣುವ ಕಡಂಗಗಳೆಂಬ ಆಳವಾದ ಕಂದಕಗಳು ನಾಡುನಾಡುಗಳ ನಡುವಣ ಕಾದಾಟದ ಕುರುಹುಗಳಾಗಿರುವವು. ಅಂತಹ ಕಾಲದಲ್ಲಿ ಬೇಸಾಯಗಾರನ ಮನೆಯೂ ಒಂದು ಸಣ್ಣ ದುರ್ಗವಾಗಿರಬೇಕಾಗಿತ್ತು.

ಓಣಿಯು ಮುಗಿದಲ್ಲಿ ಕಲ್ಲಿನ ಮೆಟ್ಟಿಲುಗಳು, ಅವುಗಳನ್ನು ಹತ್ತಿದರೆ ಅಂಗಳ. ಅಂಗಳದ ಆಸುಪಾಸಿನಲ್ಲಿ ದನದ ಕೊಟ್ಟಿಗೆ, ಸೌದೆಯನ್ನೂ ಬೇಸಾಯದ ಮುಟ್ಟುಗಳನ್ನೂ ಇಡುವ ಕೊಟ್ಟಿಗೆಗಳು, ಹುಲ್ಲಿನ ಬಣವೆ, ಬಾವಿ ಇರುವವು. ಒಂದು ಕಡೆಯಲ್ಲಿ ಕಣವಿರುವುದು. ಕೊಡವರು ಇದನ್ನು ಕಳವೆನ್ನುವರು. ಕೊಯ್ದ ಬತ್ತವನ್ನು ಅಲ್ಲಿ ತಂದು ಬಡಿದು, ತೂರಿ, ಅಳೆದು ಒಳಗೆ ಒಯ್ಯುತ್ತಿದ್ದರು.

ಮನೆಯ ಸಮೀಪದಲ್ಲಿ ಕೈಮಡವೆಂಬ ಸಣ್ಣ ಗುಡಿಯಿರುವುದು. ಇಲ್ಲಿ ಪೂಜೆಗೊಳ್ಳುವವನು ಒಕ್ಕವನ್ನು ಸ್ಥಾಪಿಸಿದ ಪೂರ್ವಪುರುಷನು. ಅವನನ್ನೂ ಅವನ ಪರಂಪರೆಯ ಹಿರಿಯರನ್ನೂ ಕಾರಣರೆಂದು ಸ್ಮರಿಸುವರು. ವರ್ಷಕ್ಕೊಮ್ಮೆಯಾದರೂ ಒಕ್ಕದವರೆಲ್ಲರೂ ಸೇರಿ ಅವರಿಗೆ ಎಡೆಯಿಡುವುದು ವಾಡಿಕೆ. ಪಿತೃಗಳ ಈ ಆರಾಧನೆಯು ನಮ್ಮ ಆಚಾರಕ್ಕೆ ಭಿನ್ನವಾಗಿರುವುದು ನಿಜ. ಆದರೆ ಇಲ್ಲಿ ಚರಿತ್ರಕಾರನು ಗಮನಿಸಬೇಕಾದ ಸಂಗತಿಯೊಂದುಂಟು. ಲಿಂಗವಂತರಾದ ಹಾಲೇರಿಯ ಅರಸರು ತಮ್ಮ ಆಚಾರವನ್ನು ತಾವು ಬಿಡದೆ ನಡೆಯಿಸಿದರು. ಹಾಗಿದ್ದರೂ ಅವರ ಆಳಿಕೆಯುದ್ದಕ್ಕೂ ಕೈಮಡಗಳು ನಿಂತೇ ಇದ್ದವು. ಒಕ್ಕಲಿನ ಮನೆಯ ದೀಪವನ್ನು ಆರಿಸದ ಅರಸುತನವು ಶ್ಲಾಘ್ಯವಾದುದೆಂದು ಹೇಳಬೇಕು.

ಮನೆಯ ಒಳಗು

ಐನ್‌ಮನೆಯು ಸಾಮಾನ್ಯವಾಗಿ ಪೂರ್ವಾಭಿಮುಖವಾಗಿರುವುದು. ಚಿಕ್ಕ ಒಕ್ಕಗಳ ಮನೆಗಳು ಒಂದೇ ಸಾಲಿನವಾಗಿಯೂ, ದೊಡ್ಡ ಒಕ್ಕಗಳ ಮನೆಗಳು ನಾಲ್ಕು ಕಡೆಗಳಲ್ಲಿ ಕೋಣೆಗಳಿದ್ದು ನಡುವೆ ತೆರೆದ ಅಂಗಳವುಳ್ಳವಾಗಿಯೂ ಇರುವವು. ಈ ಎರಡನೆಯ ಬಗೆಯು ನೆರೆಯ ಮಲೆಯಾಳದೇಶದ ಚೌಕಟ್ಟಿನ ಮನೆಗಳನ್ನು ಹೋಲುವುದು. ಒಳಮಾಡುಗಳ ನೀರು ನಡುವಣ ತಗ್ಗಿಗೆ ಬಿದ್ದು, ಕಲ್ಲಿನ ಕಾಲುವೆಯ ಮೂಲಕ ಮನೆಯ ಹೊರಗೆ ಹರಿದುಹೋಗುವುದು. ಬೆಳಕೂ ಗಾಳಿಯೂ ಆ ತೆರಪಿನಿಂದಲೇ ಒಳಗೆ ಬರುವವು. ಹೊರಗೋಡೆಗಳ ಕಿಟಕಿಗಳು ಕಿರಿದಾಗಿದ್ದು ಮರದ ಸರಳುಗಳುಳ್ಳವಾಗಿರುವುದರಿಂದ ಮನೆಯು ಹೊರಕ್ಕೆ ಮುಚ್ಚಿದಂತೆಯೂ ಒಳಕ್ಕೆ ತೆರೆದಂತೆಯೂ ಕಾಣುವುದು.

ಮನೆಯ ಮುಂಭಾಗದಲ್ಲಿ ನೆಲದಿಂದ ಎತ್ತರಿಸಿದ ಜಗಲಿಯುಂಟು. ಇದಕ್ಕೆ ಕೈಯಾಲೆಯೆಂದು ಹೆಸರು. ಇಲ್ಲಿನ ಮರದ ಕಂಬಗಳು ಬುಡದಲ್ಲಿ ದಪ್ಪವಾಗಿ, ಮೇಲಕ್ಕೆ ಹೋದಂತೆ ಸಣ್ಣವಾಗಿ, ಕೆತ್ತನೆಯ ಕೆಲಸದಿಂದ ಶೋಭಿಸುವವು. ಕಂಬಕಂಬಗಳ ನಡುವೆ ಅಗಲವಾದ, ನುಣುಪಾದ ಹಲಗೆಗಳನ್ನು ಹಾಸಿರುವರು. ಐಮರವೆನ್ನುವ ಈ ಹಲಗೆಯ ಮೇಲೆ ಹಿರಿಯರು ಕುಳಿತು ಬಂದವರನ್ನು ಮಾತನಾಡಿಸುತ್ತಿದ್ದರು, ವ್ಯಾಜ್ಯಗಳನ್ನು ತೀರಿಸುತ್ತಿದ್ದರು, ಗದ್ದೆಯ ಕೆಲಸಕ್ಕೆ ಅಪ್ಪಣೆ ಕೊಡುತ್ತಿದ್ದರು. ಅಲ್ಲಿ ಕುಳಿತರೆ ಅಂಗಳವೂ ಕಣವೂ ಗದ್ದೆಯ ಬಯಲೂ ಕಣ್ಣಿಗೆ ಬೀಳುವವು. ಮನೆಯ ಹಿರಿಯನು ಕುಳಿತ ಸ್ಥಳದಿಂದಲೇ ಸಂಸಾರವನ್ನೂ ಸಾಗುವಳಿಯನ್ನೂ ನೋಡಿಕೊಳ್ಳುವಂತೆ ಕಟ್ಟಡವನ್ನು ರಚಿಸಿರುವರು.

ಕೈಯಾಲೆಯಿಂದ ಬಾಗಿಲನ್ನು ದಾಟಿದರೆ ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆ ಸಿಕ್ಕುವುದು. ಇದು ಮನೆಯ ಹೃದಯಸ್ಥಾನವು. ಇಲ್ಲಿ ಒಂದು ತೂಗುದೀಪವಿರುವುದು. ಹೆಸರಿಡುವುದು, ಮದುವೆಯ ಮುಹೂರ್ತ, ಹಬ್ಬದ ಪ್ರಾರ್ಥನೆ ಎಲ್ಲವೂ ಈ ದೀಪದ ಮುಂದೆಯೇ ನಡೆಯತಕ್ಕವು. ಮನೆಯ ನೈರುತ್ಯಭಾಗದಲ್ಲಿರುವ ಕನ್ನಿ ಕೊಂಬರೆಯೆಂಬ ಕೋಣೆಯನ್ನು ಪವಿತ್ರವೆಂದು ಭಾವಿಸಿ ಹಿರಿಯರ ಸ್ಮರಣೆಗೆ ಮೀಸಲಾಗಿಟ್ಟಿರುವರು. ಉಳಿದ ಕೋಣೆಗಳು ಒಕ್ಕದ ಸಂಸಾರಗಳ ವಾಸಕ್ಕೆ. ಒಳಗಡೆ ಅಡಿಗೆಯ ಮನೆ, ಬತ್ತವನ್ನು ತುಂಬುವುದಕ್ಕೆ ಪತ್ತಾಯವೆಂಬ ಮರದ ದೊಡ್ಡ ಕಣಜ, ಮೇಲೆ ಅಟ್ಟ.

ಇಂತಹ ಮನೆಗಳಿಗೆ ಬೇಕಾದ ಕಲ್ಲು, ಮಣ್ಣು, ಮರಗಳೆಲ್ಲವೂ ಸಮೀಪದಲ್ಲಿಯೇ ದೊರೆಯುತ್ತಿದ್ದವು. ಮರಗೆಲಸ ಕಬ್ಬಿಣದ ಕೆಲಸಗಳನ್ನು ಐರಿಯೆಂಬ ಕುಶಲಕರ್ಮಿಗಳು ಮಾಡುತ್ತಿದ್ದರು. ಕೆತ್ತನೆಯ ಬಾಗಿಲುವಾಡಗಳನ್ನು ನೋಡಿದವರು ಒಕ್ಕದ ಸಿರಿಯನ್ನು ಹೊಗಳುವರು. ಕೆತ್ತಿದ ಕೈಯ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ವರ್ಷಾವಧಿಯ ಆಚಾರಗಳು

ಮನೆಯ ಒಂದೊಂದು ಭಾಗಕ್ಕೂ ಬೇಸಾಯದ ಒಂದೊಂದು ಕಾಲಕ್ಕೂ ಇರುವ ಸಂಬಂಧವನ್ನು ಹಬ್ಬಗಳು ಎತ್ತಿ ತೋರಿಸುವವು. ನಾಟಿಯ ಕೆಲಸವು ತೀರಿದ ಮೇಲೆ, ಸೆಪ್ಟೆಂಬರ್ ತಿಂಗಳ ಆದಿಯಲ್ಲಿ, ಕೈಲ್‌ಪೊಳ್ದ್ ಎಂಬ ಆಯುಧಪೂಜೆಯು ಬರುವುದು. ಗದ್ದೆಯ ಕೆಲಸ ನಡೆಯುವಷ್ಟು ದಿನ ಕೋವಿ ಕತ್ತಿಗಳನ್ನು ಒಳಗೆ ಇಟ್ಟುಬಿಡುವರು. ಆ ದಿನ ಅವುಗಳನ್ನು ತೊಳೆದು, ತೋಕ್ ಪೂವೆಂಬ ಹೂವಿನಿಂದ ಅಲಂಕರಿಸಿ, ಪೂಜಿಸಿ ಹೊರಕ್ಕೆ ತರುವರು. ಉಳುವವನೇ ಕಾದುವವನೂ ಆಗಿದ್ದ ನಾಡಿನಲ್ಲಿ ಎರಡು ಧರ್ಮಗಳ ನಡುವೆ ಹಾಕಿದ ಎಲ್ಲೆಯಿದು.

ಬತ್ತವು ಬಲಿತ ಮೇಲೆ, ನವೆಂಬರ್ ಡಿಸೆಂಬರ್ ತಿಂಗಳುಗಳ ಒಂದು ಬೆಳುದಿಂಗಳ ರಾತ್ರಿಯಲ್ಲಿ, ಪುತ್ತರಿಯೆಂಬ ಹೊಸ ಅಕ್ಕಿಯ ಹಬ್ಬವಾಗುವುದು. ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಾಲಯದಲ್ಲಿ ಇದರ ಮುಹೂರ್ತವನ್ನು ಗೊತ್ತುಮಾಡುವರು. ಒಕ್ಕದವರೆಲ್ಲರೂ ಮೊದಲು ನಡುಮನೆಯಲ್ಲಿ ಕೂಡಿ, ಅರಳಿ ಮಾವು ಮೊದಲಾದ ಮರಗಳ ಎಲೆಗಳನ್ನು ಸೇರಿಸಿ ಕಟ್ಟುವರು. ದೀಪವನ್ನು ಮುಂದಿಟ್ಟುಕೊಂಡು ಗದ್ದೆಗೆ ಇಳಿಯುವರು. ಕೋವಿಯ ಶಬ್ದವಾದೊಡನೆ ಮೊದಲ ತೆನೆಗಳನ್ನು ಕೊಯ್ದು, ಸಮೃದ್ಧಿಯನ್ನು ಬೇಡುತ್ತ ‘ಪೊಲಿ ಪೊಲಿ ದೇವಾ’ ಎಂದು ಕೂಗುವರು. ಕಣವನ್ನು ಬಳಸಿ ಮನೆಗೆ ಏರಿ, ತೆನೆಯನ್ನು ನಡುಮನೆಯಲ್ಲಿ ಕಟ್ಟುವರು. ದೀಪವು ಮನೆಯಿಂದ ಗದ್ದೆಗೆ ಇಳಿದುದು, ತೆನೆಯು ಗದ್ದೆಯಿಂದ ಮನೆಗೆ ಏರಿದುದು: ಇಡೀ ಐನ್‌ಮನೆಯ ಅರ್ಥವು ಈ ಒಂದು ರಾತ್ರಿಯ ಹಾದಿಯಲ್ಲಿ ಅಡಗಿರುವುದು.

ವಿವಾಹದಲ್ಲಿಯೂ ಇದೇ ಭಾವವು ತೋರುವುದು. ಮದುವೆಯಾಗಿ ಬಂದ ಹೆಣ್ಣು ಬಾವಿಗೆ ಹೋಗಿ ನೀರನ್ನು ಹೊತ್ತು ಒಳಗೆ ತರಬೇಕು. ಹುಟ್ಟಿದ ಒಕ್ಕದಿಂದ ಸೇರಿದ ಒಕ್ಕಕ್ಕೆ ಅವಳ ಹಕ್ಕನ್ನು ವರ್ಗಮಾಡುವ ‘ಸಮ್ಮಂದ’ವೆಂಬ ಕ್ರಮವುಂಟು; ಎರಡು ಕಡೆಯ ಹಿರಿಯರು ಎದುರುಬದುರಾಗಿ ನಿಂತು ಪ್ರಶ್ನೋತ್ತರರೂಪವಾಗಿ ಇದನ್ನು ನಡೆಯಿಸುವರು. ಅವಳು ಒಬ್ಬ ಗಂಡನ ಹೆಂಡತಿಯಾಗಿ ಮಾತ್ರವಲ್ಲ, ಒಂದು ಒಕ್ಕದ ಹಕ್ಕುದಾರಳಾಗಿ ಆ ಹೊಸ್ತಿಲನ್ನು ದಾಟುವಳು.

ಈ ಆಚಾರಗಳನ್ನೂ ಅವುಗಳ ಹಾಡುಗಳನ್ನೂ ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಹೆಸರಿನಿಂದ ಪ್ರಕಟಿಸಿದರು. ಕನ್ನಡ ಲಿಪಿಯಲ್ಲಿ ಅಚ್ಚಾದ ಆ ಗ್ರಂಥವಿಲ್ಲದಿದ್ದರೆ ಹಿರಿಯರ ಬಾಯಲ್ಲಿದ್ದ ಬಹಳಷ್ಟು ವಿಷಯವು ಅವರೊಡನೆಯೇ ಹೋಗುತ್ತಿತ್ತು.

ಹಾಲೇರಿಯ ಅರಸರೂ ಜಮ್ಮಾ ಭೂಮಿಯೂ

ಇನ್ನು ಈ ಮನೆಗಳನ್ನು ತಲೆತಲಾಂತರವಾಗಿ ನಿಲ್ಲಿಸಿದ ಕಾರಣವನ್ನು ವಿಚಾರಿಸೋಣ. ಕಲ್ಲು ಮರಗಳು ಎಷ್ಟೇ ಗಟ್ಟಿಯಾಗಿದ್ದರೂ, ಒಡೆಯರು ಪಾಲುಮಾಡಿಕೊಂಡು ಚೆದರಿದರೆ ಮನೆಯು ಒಂದು ತಲೆಮಾರಿಗೆ ಮೇಲೆ ಉಳಿಯಲಾರದು. ಕೊಡಗಿನಲ್ಲಿ ಹೀಗಾಗದಂತೆ ತಡೆದುದು ಜಮ್ಮಾ ಎಂಬ ಭೂಸ್ವಾಮ್ಯದ ಪದ್ಧತಿಯು.

ಜಮ್ಮಾ ಎಂದರೆ ಹುಟ್ಟಿನಿಂದ ಬಂದ ಹಕ್ಕು. ಅರಸನಿಗೆ ಕಾಣಿಕೆಯನ್ನೊಪ್ಪಿಸಿ ಸನ್ನದಿನ ಮೂಲಕ ಪಡೆದ ಈ ಭೂಮಿಗೆ, ಸಾಗುಭೂಮಿಯ ಕಂದಾಯದಲ್ಲಿ ಅರ್ಧವನ್ನು ಮಾತ್ರ ಕೊಡಬೇಕಾಗಿತ್ತು. ಆ ರಿಯಾಯಿತಿಗೆ ಪ್ರತಿಯಾಗಿ ಒಕ್ಕದ ಗಂಡಸರು ಕರೆದಾಗ ಯುದ್ಧಕ್ಕೆ ಹೋಗಬೇಕು, ಅರಮನೆಯ ಕಾವಲನ್ನು ಕಾಯಬೇಕು. ಭೂಮಿಯನ್ನು ಮಾರುವ ಹಾಗೂ ಇರಲಿಲ್ಲ, ಒತ್ತೆಯಿಡುವ ಹಾಗೂ ಇರಲಿಲ್ಲ. ಆದಕಾರಣ ಸಾಲಗಾರನು ಬಂದು ಗದ್ದೆಯನ್ನು ಕಸಿದುಕೊಳ್ಳುವ ಭಯವಿರಲಿಲ್ಲ. ಅಣ್ಣತಮ್ಮಂದಿರು ಜಗಳವಾಡಿ ಹರಿದು ಹಂಚಿಕೊಳ್ಳುವ ಆಸೆಗೂ ಆಸ್ಪದವಿರಲಿಲ್ಲ. ಭೂಮಿಯು ಒಡೆಯದಿದ್ದುದರಿಂದ ಒಕ್ಕವು ಒಡೆಯಲಿಲ್ಲ; ಒಕ್ಕವು ಒಡೆಯದಿದ್ದುದರಿಂದ ಮನೆಯು ಬೀಳಲಿಲ್ಲ. ಐನ್‌ಮನೆಯ ನಿಜವಾದ ಕಂಬವು ಹಲಸಿನದೂ ಅಲ್ಲ, ಹೊನ್ನೆಯದೂ ಅಲ್ಲ. ಅದು ಜಮ್ಮಾ ಹಕ್ಕೇ ಆಗಿದ್ದಿತು.

ಅರಸರಿಗೂ ಇದರಿಂದ ಪ್ರಯೋಜನವಿತ್ತು. ಮುದ್ದುರಾಜನು ೧೬೮೧ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದ ಕಾಲದಿಂದ, ನಾಡಿನ ಒಕ್ಕಗಳ ಬೆಂಬಲವಿಲ್ಲದೆ ಆ ಅರಸುತನವು ನಡೆಯುವಂತಿರಲಿಲ್ಲ. ದೊಡ್ಡವೀರರಾಜೇಂದ್ರನು ೧೭೮೮ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು, ಟೀಪೂಸುಲ್ತಾನನ ದಂಡಿಗೆ ಎದುರಾಗಿ ನಾಡನ್ನು ಮರಳಿ ಗಳಿಸಿದುದು ಈ ಮನೆಗಳಿಂದ ಹೊರಟ ಜನರ ಬಲದಿಂದಲೇ. ಆ ಯುದ್ಧಗಳಲ್ಲಿ ಅನೇಕ ಜನರು ಸೆರೆಹೋಗಿ ನಾಡು ಬರಿದಾಗಿದ್ದಿತು. ಅದನ್ನು ತಿರುಗಿ ನೆಲೆಗೊಳಿಸುವುದು ಅವನ ಆಳಿಕೆಯ ದೊಡ್ಡ ಕೆಲಸವಾಯಿತು. ಅವನ ತಮ್ಮನಾದ ಲಿಂಗರಾಜೇಂದ್ರನು (೧೮೧೧-೧೮೨೦) ಭೂಮಿಗಳನ್ನು ಅಳೆಯಿಸಿ, ಯಾರ ಗದ್ದೆಯು ಎಷ್ಟು, ಅದರ ಬಾಣೆಯು ಯಾವುದು, ಕಂದಾಯವೇನು ಎಂಬುದನ್ನು ‘ಶಿಸ್ತು’ ಎಂಬ ಲೆಕ್ಕದಲ್ಲಿ ಬರೆಯಿಸಿದನು. ಮುಂದೆ ಬಂದ ಆಂಗ್ಲಾಧಿಕಾರಿಗಳು ಕೂಡ ಬಹುಕಾಲ ಈ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡರು.

ಆದರೂ ಚರಿತ್ರೆಯನ್ನು ಬರೆಯುವವನು ಸ್ವಮತದ ಅರಸರೆಂದು ಮಾತನ್ನು ಮರೆಸಬಾರದು. ಹಾಲೇರಿ ವಂಶದ ಕಡೆಯ ದಿನಗಳಲ್ಲಿ ಒಕ್ಕಗಳಿಗೂ ಅರಮನೆಗೂ ಇದ್ದ ನಂಬಿಕೆಯು ಕೆಟ್ಟಿತು. ಚಿಕ್ಕವೀರರಾಜೇಂದ್ರನ ಕ್ರೌರ್ಯಕ್ಕೆ ಹೆದರಿದ ಮುಖ್ಯಸ್ಥರು ಅವನ ಕೈಬಿಟ್ಟರು. ಯಾವ ಮನೆಗಳು ಅಜ್ಜಂದಿರಿಗೆ ಸೈನ್ಯವನ್ನು ಕೊಟ್ಟಿದ್ದವೋ ಅವೇ ಮನೆಗಳು ೧೮೩೪ರಲ್ಲಿ ಸುಮ್ಮನೆ ಕುಳಿತುದು ಆ ಅರಸುತನದ ಪತನಕ್ಕೆ ಮುಖ್ಯ ಕಾರಣಗಳಲ್ಲೊಂದಾಯಿತು. ಕಡೆಯ ಅರಸನು ಕಾಶಿಗೆ ಹೋಗಿ, ೧೮೫೨ರಲ್ಲಿ ಇಂಗ್ಲೆಂಡಿಗೆ ಪ್ರಯಾಣಮಾಡಿ, ೧೮೫೯ರಲ್ಲಿ ಲಂಡನ್ ನಗರದಲ್ಲಿ ಕಾಲವಾದನು. ಕುಂಪಣಿಯ ಸರಕಾರವು ಅರಸನನ್ನು ತೆಗೆಯಿತೇ ಹೊರತು ಜಮ್ಮಾ ಪದ್ಧತಿಯನ್ನು ತೆಗೆಯಲಿಲ್ಲ. ೧೮೬೧ರಲ್ಲಿ ಮಾರ್ಕ್ ಕಬ್ಬನನು ಕೊಡಗಿನವರಿಗೆ ಆಯುಧಗಳ ಶಾಸನದಿಂದ ವಿನಾಯಿತಿಯನ್ನು ಕೊಟ್ಟುದರಿಂದ ನಡುಮನೆಯ ಕೋವಿಯೂ ತನ್ನ ಸ್ಥಾನದಲ್ಲಿಯೇ ಉಳಿಯಿತು.

ಗದ್ದೆಯಲ್ಲಿ ದುಡಿದವರು

ಐನ್‌ಮನೆಯ ಸುತ್ತಣ ಕಟ್ಟಡಗಳನ್ನೆಣಿಸುವಾಗ ಗದ್ದೆಯ ಅಂಚಿನಲ್ಲಿದ್ದ ಕೂಲಿಯಾಳುಗಳ ಗುಡಿಸಿಲುಗಳನ್ನು ಬಿಡುವುದು ನ್ಯಾಯವಲ್ಲ. ದೊಡ್ಡ ಒಕ್ಕಗಳ ಗದ್ದೆಗಳಲ್ಲಿ ಹೊಲೆಯರೂ ಯರವರೂ ವಂಶಪಾರಂಪರ್ಯವಾಗಿ ದುಡಿಯುತ್ತಿದ್ದರು. ಇವರಲ್ಲಿ ಅನೇಕರು ನೆಲಕ್ಕೆ ಇಲ್ಲವೆ ಮನೆತನಕ್ಕೆ ಅಂಟಿದ ಜೀತದವರಾಗಿದ್ದರು. ಒಡೆಯನಿಗೆ ಜಮ್ಮಾ ಎಂಬುದು ಹುಟ್ಟಿನ ಹಕ್ಕಾಗಿದ್ದರೆ ಇವರಿಗೆ ಅದು ಹುಟ್ಟಿನ ಕಟ್ಟಾಗಿದ್ದಿತು. ೧೮೪೩ರ ಐದನೆಯ ಶಾಸನವು ಇಂಡಿಯಾದಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿತು. ಆದರೆ ಬರಹದಲ್ಲಿ ಬಿಡುಗಡೆಯಾದುದು ಬಾಳಿನಲ್ಲಿ ಬಿಡುಗಡೆಯಾಗುವುದಕ್ಕೆ ಬಹಳ ಕಾಲ ಹಿಡಿಯಿತು.

ಕಾಯಕವೇ ಕೈಲಾಸವೆಂಬ ಮಾತನ್ನು ಮನ್ನಿಸುವ ನಮಗೆ ಇದನ್ನು ನೆನೆಯದೆ ಮುಂದೆ ಹೋಗುವುದು ಸಲ್ಲದು. ಗುಡಿಸಿಲುಗಳು ಮಳೆಗೆ ಕರಗಿ ಹೋದವು. ಅವುಗಳ ಅಡಿಗಲ್ಲು ಕೂಡ ದೊರೆಯದು. ಐನ್‌ಮನೆಯ ಕಂಬಗಳು ನಿಂತಿರುವುದರಿಂದ ಅದರ ಒಡೆಯರ ಹೆಸರು ನಿಂತಿರುವುದು. ಪತ್ತಾಯವನ್ನು ತುಂಬಿದವರ ಹೆಸರು ಗೋಡೆಯ ಮೇಲೆಯೂ ಇಲ್ಲ, ಸನ್ನದಿನಲ್ಲಿಯೂ ಇಲ್ಲ. ಇಂತಹ ಮನೆಯ ಚರಿತ್ರೆಯನ್ನು ಹೇಳುವವರು ಈ ಮೌನವನ್ನೂ ಚರಿತ್ರೆಯ ಒಂದು ಭಾಗವೆಂದೇ ಹೇಳಬೇಕು.

ಕಾಫಿಯೂ ಹಂಚೂ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ಹೊಸ ವಸ್ತುಗಳು ಕೊಡಗಿನ ಬಾಳನ್ನು ಮಾರ್ಪಡಿಸಿದವು. ಮೊದಲನೆಯದು ಕಾಫಿ. ೧೮೫೪ರಲ್ಲಿ ಫೌಲರ್ ಎಂಬವನು ಮಡಿಕೇರಿಯ ಬಳಿಯಲ್ಲಿ ಯೂರೋಪಿಯನರ ಮೊದಲ ಕಾಫಿತೋಟವನ್ನು ತೆರೆದನು. ತರುವಾಯ ನಾಡಿನವರೂ ತಮ್ಮ ಬಾಣೆಗಳಲ್ಲಿ ಕಾಫಿಯನ್ನು ಹಾಕಿದರು. ೧೮೬೦ರ ದಶಕದಲ್ಲಿ ಕಾಂಡಕೊರಕದ ಹಾವಳಿಯಿಂದ ಅನೇಕ ತೋಟಗಳು ನಾಶವಾದರೂ ಬೆಳೆಯು ಬೇರೂರಿ ನಿಂತಿತು. ಇದರಿಂದ ಹಣವು ಬಂದಿತು, ವಿದ್ಯೆಗೆ ಅನುಕೂಲವಾಯಿತು, ಜನರು ಲೋಕವನ್ನು ಕಂಡರು. ಆದರೆ ಗದ್ದೆಗೆ ಸೊಪ್ಪನ್ನೂ ದನಕ್ಕೆ ಮೇವನ್ನೂ ಕೊಡುತ್ತಿದ್ದ ಬಾಣೆಯು ಪೇಟೆಗೆ ಬೆಳೆಯನ್ನು ಕೊಡುವ ತೋಟವಾಯಿತು. ಹಿಂದೆ ಹೇಳಿದ ಚಕ್ರದ ಒಂದು ಅರೆಯು ಹೀಗೆ ಕಳಚಿತು. ತೋಟವನ್ನು ನೋಡಿಕೊಳ್ಳುವುದಕ್ಕೆ ಒಬ್ಬೊಬ್ಬ ಸಹೋದರನು ತನ್ನ ತೋಟದ ನಡುವೆ ಬೇರೆ ಮನೆಯನ್ನು ಕಟ್ಟಿಕೊಂಡನು. ಬತ್ತವನ್ನು ಒಟ್ಟಾಗಿ ಬೆಳೆದು ಒಟ್ಟಾಗಿ ಉಣ್ಣಬಹುದು. ಹಣವನ್ನು ಹಾಗೆ ಒಟ್ಟಾಗಿ ಇಡುವುದು ಮನುಷ್ಯಸ್ವಭಾವಕ್ಕೆ ಸುಲಭವಲ್ಲ.

ಎರಡನೆಯದು ಹಂಚು. ಬಾಸೆಲ್ ಮಿಶನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಂತಹ ಹಂಚು ಘಟ್ಟವನ್ನು ಹತ್ತಿ ಬಂದ ಮೇಲೆ ಕ್ರಮೇಣ ಹುಲ್ಲಿನ ಮಾಡುಗಳು ಮಾಯವಾದವು. ಬೆಂಕಿಯ ಭಯವು ತಗ್ಗಿತು. ಮತ್ತೆ ಮತ್ತೆ ಹುಲ್ಲನ್ನು ಹೊದಿಸುವ ಶ್ರಮವು ತಪ್ಪಿತು. ಇದು ಲಾಭವೇ ನಿಜ. ಆದರೆ ಹುಲ್ಲಿನ ಮಾಡನ್ನು ಹೊದಿಸುವುದಕ್ಕೆ ಬಹಳ ಕೈಗಳು ಒಂದಾಗಿ ಸೇರಬೇಕಾಗಿದ್ದಿತು. ಮನೆಯ ಮಾಡು ಒಕ್ಕದವರನ್ನು ಹೀಗೆ ಕರೆಯುತ್ತಿದ್ದಿತು. ಹಂಚು ಬಂದ ಮೇಲೆ ಅದು ಕರೆಯುವುದನ್ನು ನಿಲ್ಲಿಸಿತು.

ಇವೆರಡರ ಜೊತೆಗೆ ಸೈನ್ಯದ ಉದ್ಯೋಗ, ಸರಕಾರದ ನೌಕರಿ, ಪಟ್ಟಣವಾಸಗಳು ಮಕ್ಕಳನ್ನು ದೂರಕ್ಕೆ ಸೆಳೆದವು. ಒಕ್ಕಗಳು ಪಾಲಾದವು. ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜಗಳನ್ನು ಕುರಿತು ೧೯೫೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಕ್ಕವೇ ಆ ಸಮಾಜದ ಆಧಾರವೆಂದು ವಿವರಿಸಿರುವರು. ಆದರೆ ಆ ವೇಳೆಗಾಗಲೇ ಒಂದೇ ಮನೆಯಲ್ಲಿ ಒಕ್ಕವೆಲ್ಲವೂ ಕೂಡಿ ಬಾಳುವುದು ಹಿಂದಿನ ಮಾತಾಗುತ್ತಲಿದ್ದಿತು. ೧೯೫೬ರ ನವೆಂಬರ್ ೧ರಂದು ಕೊಡಗು ಮೈಸೂರುರಾಜ್ಯದಲ್ಲಿ ಸೇರಿ ಒಂದು ಜಿಲ್ಲೆಯಾಯಿತು.

ಈಗಿನ ಸ್ಥಿತಿ

ಈಗ ಐನ್‌ಮನೆಗಳ ಸ್ಥಿತಿಯು ಏಕರೂಪವಾಗಿಲ್ಲ. ಕೆಲವು ಒಕ್ಕದವರು ಹಣವನ್ನು ಕೂಡಿಸಿ ಮನೆಯನ್ನು ದುರಸ್ತಿಮಾಡಿ, ಒಬ್ಬ ಸಹೋದರನ ಕುಟುಂಬವನ್ನು ಅಲ್ಲಿರಿಸಿ ದೀಪವನ್ನು ನಡೆಯಿಸುತ್ತಿರುವರು. ಕೆಲವರು ಹಳೆಯದನ್ನು ಕೆಡವಿ ಅದೇ ಸ್ಥಳದಲ್ಲಿ ಹೊಸ ಕಟ್ಟಡವನ್ನು ಕಟ್ಟಿಸಿರುವರು. ಕೆಲವು ಮನೆಗಳ ಬಾಗಿಲು ವರ್ಷದಲ್ಲಿ ಪುತ್ತರಿಗೂ ಹಿರಿಯರ ಎಡೆಗೂ ಮಾತ್ರ ತೆರೆಯುವುದು. ಇನ್ನು ಕೆಲವು ಮಾಡು ಕುಸಿದು ಮಣ್ಣಾಗಿರುವವು. ಗದ್ದೆಯ ಕೆಲಸಕ್ಕೆ ಆಳು ದೊರೆಯದೆ ಅನೇಕ ಕಡೆಗಳಲ್ಲಿ ಬಯಲು ಪಾಳುಬಿದ್ದಿರುವುದು. ಗದ್ದೆಯು ಪಾಳಾದಲ್ಲಿ ಪುತ್ತರಿಯ ತೆನೆಯನ್ನು ನೆರೆಯವರ ಗದ್ದೆಯಿಂದ ತರಬೇಕಾಗುವುದು.

ಒಕ್ಕದ ಅಭಿಮಾನವು ಮಾತ್ರ ಸತ್ತಿಲ್ಲ. ಪಾಂಡಂಡ ಕುಟ್ಟಪ್ಪ ಎಂಬವರು ೧೯೯೭ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ಹಾಕಿ ಪಂದ್ಯವನ್ನು ಪ್ರಾರಂಭಿಸಿದರು. ಒಕ್ಕದ ಹೆಸರನ್ನು ಹೊತ್ತ ನೂರಾರು ತಂಡಗಳು ಅದರಲ್ಲಿ ಸೇರುವಷ್ಟು ಅದು ಬೆಳೆಯಿತು. ಚೆದರಿದ ಅಣ್ಣತಮ್ಮಂದಿರು ಆಟದ ಬಯಲಿನಲ್ಲಿ ಒಂದಾಗುವುದು ಸಂತೋಷಕರವು. ಆದರೆ ಹೆಸರು ಬಯಲಿನಲ್ಲಿದ್ದು, ಆ ಹೆಸರು ಹುಟ್ಟಿದ ಮನೆಯ ಬಾಗಿಲಿಗೆ ಬೀಗವಿದ್ದರೆ ಆ ಒಗ್ಗಟ್ಟು ಎಷ್ಟು ತಲೆಮಾರಿನದು ಎಂಬುದು ಯೋಚಿಸತಕ್ಕ ವಿಷಯವು.

ಹಳೆಯ ಮನೆಯನ್ನು ಉಳಿಸಬೇಕೆನ್ನುವವರು ಸಾಮಾನ್ಯವಾಗಿ ಹಂಚು, ಸುಣ್ಣ, ಕಂಬಗಳ ಮಾತನ್ನಾಡುವರು. ಅವು ಬೇಕಾದುವೇ. ಆದರೆ ಮೇಲೆ ನಿರೂಪಿಸಿದ ಚರಿತ್ರೆಯಿಂದ ತಿಳಿಯುವುದೇನೆಂದರೆ, ಮನೆಯನ್ನು ಹೊತ್ತುದು ಕಂಬವಲ್ಲ. ಹಂಚಿಹೋಗದ ನೆಲವೂ, ಆ ನೆಲದಲ್ಲಿ ಕೂಡಿ ಮಾಡಿದ ಕೆಲಸವೂ ಅದನ್ನು ಹೊತ್ತವು. ಆದುದರಿಂದ ಐನ್‌ಮನೆಯೊಂದನ್ನು ಉಳಿಸಬೇಕಾದರೆ ಅದರ ಕೆಳಗಿನ ಗದ್ದೆಯಲ್ಲಿ ಒಂದು ಮಡಿಯಾದರೂ ಒಕ್ಕದ ಹೆಸರಿನಲ್ಲಿ ಬೆಳೆಯಬೇಕು. ಮನೆಯ ಅಳತೆಗಳನ್ನೂ, ಸನ್ನದು ಲೆಕ್ಕಪತ್ರಗಳನ್ನೂ, ಕೆಲಸದವರ ಮತ್ತು ಆಳುಗಳ ಮನೆತನಗಳ ನೆನಪನ್ನೂ ತಿಳಿದವರು ಇರುವಾಗಲೇ ಬರೆದಿಡಬೇಕು. ಬಾಳಿದ ಮನೆಯು ಬಿದ್ದಮೇಲೆ ಅದರ ಕೆತ್ತಿದ ಬಾಗಿಲು ಪೇಟೆಯಲ್ಲಿ ಮಾರಾಟವಾದರೆ ಅದು ಮರವೇ ಹೊರತು ಬಾಗಿಲಲ್ಲ.

ಈ ಮಾತು ನಮ್ಮ ಮಠಗಳಿಗೂ ಹೊರಗಾದುದಲ್ಲ. ಮಠವೆಂಬುದು ಒಂದು ಬಗೆಯಲ್ಲಿ ಪಾಲಾಗದ ಮನೆಯೇ. ಅದರ ಭೂಮಿಯು ಗುರುವಿನ ಸ್ವಂತದ್ದಲ್ಲ, ಶಿಷ್ಯನ ಸ್ವಂತದ್ದಲ್ಲ. ಅದರ ಕಣಜವು ಹಸಿದು ಬಂದವರದು. ಉತ್ಸವದ ದಿನ ಮಾತ್ರ ತೆರೆದು ಉಳಿದ ದಿನ ಮುಚ್ಚುವ ಮನೆಯು ಮಠವಾಗಲಿ ಐನ್‌ಮನೆಯಾಗಲಿ ಬಹುಕಾಲ ಬಾಳದು. ನಿತ್ಯವೂ ಒಲೆಯುರಿಯುವ, ನಿತ್ಯವೂ ದಾಸೋಹ ನಡೆಯುವ, ನಿತ್ಯವೂ ಮಕ್ಕಳ ಧ್ವನಿಯು ಕೇಳುವ ಮನೆಯ ಗೋಡೆಗೆ ಸುಣ್ಣವು ತಡವಾಗಿ ಬಂದರೂ ಚಿಂತೆಯಿಲ್ಲ.

ಕೊಡಗಿನ ಕಣಿವೆಗಳಲ್ಲಿ ಇನ್ನೂ ಉಳಿದಿರುವ ಆ ಮನೆಗಳು ಲಿಂಗವಂತ ಅರಸರ ಕಾಲವನ್ನೂ, ಅವರನ್ನು ಎತ್ತಿ ನಿಲ್ಲಿಸಿದ ಒಕ್ಕಲನ್ನೂ, ಆ ಒಕ್ಕಲಿಗೆ ಅನ್ನವನ್ನು ಬೆಳೆದುಕೊಟ್ಟ ಕೈಗಳನ್ನೂ ಒಟ್ಟಿಗೆ ಕಂಡವು. ಆ ಮೂವರ ಮಾತನ್ನೂ ಒಟ್ಟಿಗೆ ಕೇಳುವ ತಾಳ್ಮೆಯು ನಮ್ಮ ಚರಿತ್ರಕಾರರಲ್ಲಿ ಬೆಳೆಯಲಿ. ಆ ಮನೆಗಳ ನಡುಮನೆಯ ದೀಪವು ಅವುಗಳ ಮಕ್ಕಳ ಕೈಯಿಂದಲೇ ಉರಿಯುತ್ತಿರಲಿ. ಇತ್ಯಲಂ.